ಸಿದ್ದಲಿಂಗೇಶನ ಕಂಪ್ಯೂಟರಿಗೆ ಕೆರೆ ಕಟ್ಟಿಸಿದ್ದು

ನಮ್ಮ ಅಜ್ಜಂಪುರ ಅಮೃತಮಹಲ್ ತಳಿಯ ಎತ್ತುಗಳ ಊರು. ಹಿಂದಿನ ಕಾಲದಲ್ಲಿ ಈ ಎತ್ತುಗಳು ಫಿರಂಗಿ ಎಳೆದುಕೊಂಡು ಕುದುರೆಗಳ ಸಮಕ್ಕೆ ಓಡುತ್ತಿದ್ದವಂತೆ. ಅಂಥ ಊರಿನಲ್ಲಿ, ಬಸ್ ನಿಲ್ದಾಣದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಸಿದ್ದಲಿಂಗೇಶನ ಕಂಪ್ಯೂಟರ್ ಇತ್ತು. ಅದರ ಗುಂಡಿ ಒತ್ತಿ, ಅಂಗಡಿ ಮುಂದೆ ನೀರು ಚಿಮುಕಿಸಿ, ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಪೇಪರಿನಲ್ಲಿ ಅಡಿಕೆ ಧಾರಣೆಯಿಂದ ಹಿಡಿದು ತಿಥಿಯ ಜಾಹೀರಾತಿನವರೆಗೆ ಓದಿ ಮುಗಿಸಿ ವಾಪಸು ಬಂದರೂ ಪರದೆಯ ಮೇಲೆ ಆ ಸಣ್ಣ ಬಳೆ ಇನ್ನೂ ಸುತ್ತುತ್ತಲೇ ಇರುತ್ತಿತ್ತು.

"ಎದ್ದಿದೆ. ಮುಖ ತೊಳ್ಕೊಂಡಿಲ್ಲ ಅಷ್ಟೆ" ಎನ್ನುತ್ತಿದ್ದ ಸಿದ್ದಲಿಂಗೇಶ, ಮನೆಯ ಹಿರೀಕರ ವಿಷಯ ಹೇಳುವ ಹಾಗೆ.

ಅವನಿಗೆ ಐವತ್ತು ದಾಟಿದೆ. ಮೂಲತಃ ಬೋರ್ಡ್ ಬರೆಯುವವನು. ಅಜ್ಜಂಪುರ, ತರೀಕೆರೆ ಸೀಮೆಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಬೆನ್ನಿಗೆ 'ತಂದೆ ತಾಯಿ ಆಶೀರ್ವಾದ' ಅಂತ ಎಲ್ಲಾದರೂ ಓದಿದ್ದರೆ ಅಕ್ಷರಗಳ ಬಾಲ ನೋಡಿ. ಬಾಲ ಬಳ್ಳಿಯ ಹಾಗೆ ಸುರುಳಿ ಸುತ್ತಿದ್ದರೆ ಅದು ಇವನ ಕೈ. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸ ತಪ್ಪಿತು. ತರೀಕೆರೆಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಟೈಪಿಂಗ್ ಸ್ಕೂಲಿನಿಂದ ಹಳೇ ಕಂಪ್ಯೂಟರ್ ತಂದ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿ, ಫ್ಲೆಕ್ಸು ಎಲ್ಲವನ್ನೂ ಇಲ್ಲಿ ಮಾಡಿ, ಪ್ರಿಂಟಿಗೆ ಕಡೂರಿಗೆ ಕಳಿಸುತ್ತಾನೆ. ಚಪ್ಪಲಿ ಹೊರಗೆ ಬಿಟ್ಟೇ ಕಂಪ್ಯೂಟರ್ ಮುಂದೆ ಕೂರುವುದು. ಮೌಸು ಗಣಪತಿಯ ವಾಹನ ಎಂದು ಎಡಗೈಯಲ್ಲಿ ಮುಟ್ಟುವುದಿಲ್ಲ.

ಮಾಡಿದ್ದನ್ನು ಅಳಿಸುವುದು ಮಾತ್ರ ಅವನ ಜಾಯಮಾನದಲ್ಲೇ ಇಲ್ಲ. 'ಬೆಳ್ಳುಳ್ಳಿ ಮಂಡಿಯವರ ಎರಡನೇ ಮಗಳು' ಎಂದೊಂದು ಕಡತ. ಪಕ್ಕದಲ್ಲೇ 'ಬೆಳ್ಳುಳ್ಳಿ ಮಂಡಿ ಎರಡನೇ ಮಗಳು, ಸೋದರಮಾವ ಮುನಿಸಿಕೊಂಡ ಮೇಲೆ'. ಅದರ ಕೆಳಗೆ 'ಸೋದರಮಾವ ಒಪ್ಪಿದ ಮೇಲೆ'. ಆ ಎರಡನೇ ಮಗಳ ಮಗುವೇ ಶಾಲೆಗೆ ಹೋಗತೊಡಗಿದ್ದರೂ ಸೋದರಮಾವ ಮಾತ್ರ ಇನ್ನೂ ಕಂಪ್ಯೂಟರಿನಲ್ಲಿ ಮುನಿಸಿಕೊಂಡೇ ಕೂತಿದ್ದ.

ಇದರಲ್ಲಿ ಊರಿನವರದ್ದೂ ಪಾಲಿದೆ ಅನ್ನಿ. ಸತ್ತ ಅಪ್ಪನ ಫೋಟೋ ಆಗಲಿ, ಸ್ವಂತ ಮದುವೆಯ ಕಾರ್ಡಾಗಲಿ ಇಲ್ಲಿ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. "ನಿನ್ ಹತ್ರ ಇರ್ತದಲ್ಲ ಸಿದ್ದಲಿಂಗೇಶಣ್ಣ" ಎಂದು ಹೋಗುತ್ತಾರೆ. ವರ್ಷಕ್ಕೊಮ್ಮೆ ಬಂದು "ಅದೇ ಫೋಟೋ, ವರ್ಷ ಒಂದು ಬದಲಾಯ್ಸು" ಎನ್ನುತ್ತಾರೆ.

ನಾನು ಆ ಅಂಗಡಿಗೆ ಹೋಗುವುದು ನನ್ನ ನಗೆಬರಹಗಳನ್ನು ಟೈಪ್ ಮಾಡಿಸಲು. ಉದ್ಯೋಗದಲ್ಲಿ ನಾನು ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರು. ಅಂದರೆ ಡಾಕ್ಟರು ಸೂಜಿ ಚುಚ್ಚುವಾಗ ಹಸುವಿನ ಮೂಗು ಹಿಡಿಯುವವನು. ಆದರೂ ಊರಿನವರು ದೊಡ್ಡ ಮನಸ್ಸು ಮಾಡಿ ನನ್ನನ್ನು "ಡಾಕ್ಟ್ರೇ" ಎನ್ನುತ್ತಾರೆ, ನಾನೂ ದೊಡ್ಡ ಮನಸ್ಸು ಮಾಡಿ ತಿದ್ದುವುದಿಲ್ಲ. ಆ ತಿದ್ದದೇ ಇದ್ದದ್ದಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಕಳೆದ ಚಳಿಗಾಲದಲ್ಲಿ.

ಅಂದು ಅಂಗಡಿಯಲ್ಲಿ ನಾನು ಕೂತಿದ್ದಾಗ ಗಂಗಾಧರಯ್ಯನವರು ಬಂದರು. ಅವರು ಮಠದ ಆಫೀಸು ನೋಡಿಕೊಳ್ಳುವವರು. ಪ್ರತಿ ವರ್ಷ ಮಠದಲ್ಲಿ ಸಾಮೂಹಿಕ ವಿವಾಹ ನಡೆಯುತ್ತದೆ. ಎಲ್ಲಾ ಜೋಡಿಗಳ ಫೋಟೋ ಇರುವ ಆಳೆತ್ತರದ ಫ್ಲೆಕ್ಸನ್ನು ಸರ್ಕಲ್ಲಿನಲ್ಲಿ ನಿಲ್ಲಿಸುತ್ತಾರೆ. ಆ ಫ್ಲೆಕ್ಸಿನ ಕೆಲಸ ಯಾವಾಗಲೂ ಸಿದ್ದಲಿಂಗೇಶನದೇ. ಹಿಂದಿನ ವರ್ಷವೂ ಅವನೇ ಮಾಡಿದ್ದ, ಮಾಡಿ ಕೆಟ್ಟಿದ್ದ.

ಆದದ್ದಿಷ್ಟು. ವಧುಗಳ ಸಾಲು ಕೂರಿಸಿ ಮುಗಿಸಿ, ವರರ ಸಾಲನ್ನು ಒಂದು ಸ್ಥಾನ ಪಕ್ಕಕ್ಕೆ ಸರಿಸಿ ಜೋಡಿಸಲು ಗುಂಡಿ ಒತ್ತಿದ್ದಾನೆ. ಕಂಪ್ಯೂಟರ್ ಅಲುಗಲಿಲ್ಲ. ಮತ್ತೆ ಒತ್ತಿದ್ದಾನೆ. ಅದಕ್ಕೆ ಮೊದಲ ಮಾತು ಕೇಳಿಸಿದ್ದೇ ಆಗ. ಎರಡನ್ನೂ ಒಟ್ಟಿಗೆ ನಡೆಸಿಕೊಟ್ಟಿತು. ವರರೆಲ್ಲ ಬೇಕಾದದ್ದಕ್ಕಿಂತ ಒಂದೊಂದು ಸ್ಥಾನ ಮುಂದಕ್ಕೆ ಸರಿದರು. ಕೊನೆಯವನು ಹೋಗಿ ಮೊದಲನೆಯವಳ ಪಕ್ಕ ನಿಂತ. ಬೆಳಿಗ್ಗೆ ಸರ್ಕಲ್ಲಿನಲ್ಲಿ ಒಬ್ಬ ಅಜ್ಜ ಫ್ಲೆಕ್ಸಿನ ಕೆಳಗೆ ನಿಂತು, "ನಮ್ ಮಗೂನ ಆ ಬೋಳುತಲೆಯೋನ ಪಕ್ಕ ಯಾಕ್ರೋ ನಿಲ್ಸಿದೀರಿ?" ಎಂದು ಕೂಗಿದಾಗಲೇ ಊರಿಗೆ ಗೊತ್ತಾದದ್ದು. ಗಂಗಾಧರಯ್ಯನವರು ಪಂಚೆ ಎತ್ತಿಕಟ್ಟಿ ಟ್ರ್ಯಾಕ್ಟರ್ ಹತ್ತಿ ಫ್ಲೆಕ್ಸಿಗೆ ಬೆಡ್‌ಶೀಟ್ ಹೊದಿಸಿದರು. ಅಷ್ಟರಲ್ಲಿ ಒಬ್ಬ ವರ ಅದರ ಫೋಟೋ ತೆಗೆದು, "ಹೀಗೇ ಇದ್ರೂ ನನ್ನದೇನೂ ಅಭ್ಯಂತರ ಇಲ್ಲ" ಎಂದು ಗ್ರೂಪಿಗೆ ಹಾಕಿ, ಆಗಲಿದ್ದ ಮಾವನಿಂದ ಬೈಸಿಕೊಂಡ.

"ನೋಡಪ್ಪಾ ಸಿದ್ದಲಿಂಗೇಶ" ಎಂದರು ಗಂಗಾಧರಯ್ಯನವರು. "ಮಠದ ಸ್ವಾಮಿ ಬುದ್ಧಿಯವ್ರು ಏನೂ ಅನ್ಲಿಲ್ಲ, ನಕ್ಕು ಸುಮ್ಮನಾದ್ರು. ಆದ್ರೆ ಟ್ರ್ಯಾಕ್ಟರ್ ಹತ್ತಿದೋನು ನಾನು. ಇವತ್ತಿಗೂ ಸೊಂಟ ಹಿಡ್ಕೊಂಡಿದೆ. ಬರೋ ಸೋಮವಾರ ಈ ವರ್ಷದ ಫೋಟೋ ತರ್ತೀನಿ. ನಿನ್ನ ಡಬ್ಬ ನನ್ನೆದುರಿಗೆ ಓಡಿದ್ರೆ ಕೆಲ್ಸ ನಿಂದು. ಓಡ್ಲಿಲ್ವಾ, ಕಡೂರಿನ ಹುಡುಗ್ರಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಅವರು ಹೋದ ಮೇಲೆ ಸಿದ್ದಲಿಂಗೇಶ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಲಗ್ನಪತ್ರಿಕೆ ಮಡಚುತ್ತಿದ್ದ ಅವನ ಹೆಂಡತಿ ಅಶ್ವಿನಿಯೇ ನನಗೆ ಹೇಳಿದ್ದು.

"ಡಾಕ್ಟ್ರೇ, ನಮ್ಮಿಬ್ಬರದ್ದೂ ಅದೇ ಮಠದಲ್ಲಿ, ಅದೇ ಸಾಮೂಹಿಕದಲ್ಲೇ ಆಗಿದ್ದು. ಆಗ ಫ್ಲೆಕ್ಸ್ ಎಲ್ಲಿತ್ತು? ಬಟ್ಟೆ ಬ್ಯಾನರು. ಜೋಡಿಗಳ ಹೆಸರೆಲ್ಲ ಇವ್ರೇ ಕುಂಚದಲ್ಲಿ ಬರೆದಿದ್ರು. ಧಾರೆಗೆ ಬಂದಾಗ ಕೈಯಲ್ಲಿ ಇನ್ನೂ ನೀಲಿ ಬಣ್ಣ. ನಮ್ಮಪ್ಪ ಅದನ್ನ ನೋಡಿ ಹುಡುಗನಿಗೆ ಏನೋ ಕಾಯಿಲೆ ಅಂತ ಹೆದರಿಬಿಟ್ಟಿದ್ರು. ಅವತ್ತಿಂದ ಒಂದು ವರ್ಷಾನೂ ಆ ಕೆಲ್ಸ ಬೇರೆಯೋರ ಕೈಗೆ ಹೋಗಿಲ್ಲ."

ಸಿದ್ದಲಿಂಗೇಶ ಮೌಸಿನ ಮೇಲೆ ಕೈಯಿಟ್ಟು ಸುತ್ತುವ ಬಳೆಯನ್ನೇ ನೋಡುತ್ತಿದ್ದ. ಆ ಮುಖ ನೋಡಿ ನನ್ನ ನಾಲಿಗೆ ಹಿಡಿತ ತಪ್ಪಿತು. "ಇದೇನು ಮಹಾ! ಮನುಷ್ಯನಿಗೆ ವರ್ಷಕ್ಕೊಂದ್ಸಲ ಭೇದಿ ಕೊಟ್ಟ ಹಾಗೆ ಕಂಪ್ಯೂಟರಿಗೂ ಹೊಟ್ಟೆ ಕ್ಲೀನ್ ಮಾಡ್ಬೇಕು. ನಾನು ಮಾಡ್ತೀನಿ" ಎಂದುಬಿಟ್ಟೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಮುಕ್ಕಾಲು ಭಾಗ ನೋಡಿದ್ದೆ, ಆಮೇಲೆ ನಿದ್ದೆ ಬಂದಿತ್ತು.

ಅಶ್ವಿನಿ ಕಾರ್ಡು ಮಡಚುವುದನ್ನು ನಿಲ್ಲಿಸಿದಳು. "ಡಾಕ್ಟ್ರೇ, ನೀವು ಮುಟ್ಟಿದ ಹಸುಗಳೆಲ್ಲ ಉಳ್ಕೊಂಡಿದಾವಾ?"

"ಬಹುಪಾಲು ಉಳ್ಕೊಂಡಿದಾವಮ್ಮ."

"ನಮ್ ಹತ್ರ ಇರೋದು ಒಂದೇ ಕಣ್ರೀ. ಅದು ಬಹುಪಾಲು ಉಳಿದ್ರೆ ಸಾಲದು."

ಮೊದಲು ಪೆಟ್ಟಿಗೆ ಬಿಚ್ಚಿದೆ. ವೈರು ಕಿತ್ತು, ಪಕ್ಕದ ತಗಡು ತೆಗೆದು ನೋಡಿದರೆ ಒಳಗೆ ಒಂದು ಸಣ್ಣ ದೇವಸ್ಥಾನ. ದಿನಾ ಬೆಳಿಗ್ಗೆ ಪೆಟ್ಟಿಗೆಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗುವುದು ಇವನ ಪದ್ಧತಿ. ಆಯುಧಪೂಜೆಗಳ ಅಕ್ಷತೆ, ಒಣಗಿದ ಸೇವಂತಿಗೆ ಎಸಳು, ಊದುಬತ್ತಿಯ ಬೂದಿ ಎಲ್ಲವೂ ಕಿಂಡಿಗಳಿಂದ ಒಳಗಿಳಿದು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡಿತ್ತು. ಉಸಿರು ಕಟ್ಟಿ ಕಾವೇರಿದ ಯಂತ್ರ ಪಾಪ ನಿಧಾನ ಮಾಡದೆ ಇನ್ನೇನು ಮಾಡೀತು!

"ಗಾಳಿ ಹೊಡೆಸ್ಬೇಕು" ಎಂದೆ.

ಗಾಳಿ ಎಂದರೆ ನಮ್ಮೂರಲ್ಲಿ ಕನಕರಾಜುವಿನ ಪಂಕ್ಚರ್ ಅಂಗಡಿ. ಸಿದ್ದಲಿಂಗೇಶ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎಳಗರುವಿನಂತೆ ಎತ್ತಿಕೊಂಡ. ನಾನು ಪಕ್ಕದಲ್ಲಿ ನಡೆದೆ. ನಾನು ಜೊತೆಗಿದ್ದದ್ದೇ ತಪ್ಪಾಯಿತು. ಎದುರಾದವರೆಲ್ಲ ನನ್ನ ಮುಖ, ಅವನ ಕೈ ನೋಡಿ ದನಿ ತಗ್ಗಿಸಿ, "ಏನಾಯ್ತು ಡಾಕ್ಟ್ರೇ? ಬದುಕ್ತದಾ?" ಎಂದು ಕೇಳುವವರೇ.

ಕನಕರಾಜು ಪೈಪು ಹಿಡಿದು ಪೆಟ್ಟಿಗೆಯನ್ನು ಒಂದು ಸುತ್ತು ಬಂದ. "ಎಷ್ಟು ಪಾಯಿಂಟ್ ಹಾಕ್ಲಿ?"

"ಲೇ, ಇದೇನು ಟ್ರ್ಯಾಕ್ಟರ್ ಟೈರೇನೋ? ಮೆಲ್ಲಗೆ, ದೂರದಿಂದ ಬಿಡು" ಎಂದೆ, ಫ್ಯಾನು ತಿರುಗದಂತೆ ಬೆರಳಿನಿಂದ ತಡೆದು. ಇದು ವಿಡಿಯೋದ ಮುಕ್ಕಾಲು ಭಾಗದೊಳಗೇ ಇತ್ತು.

ಗಾಳಿ ಬಿಟ್ಟದ್ದೇ ತಡ, ವರ್ಷಾನುಗಟ್ಟಲೆಯ ವಿಭೂತಿ ಒಮ್ಮೆಗೇ ಹೊರಗೆದ್ದಿತು. ಹೊಗೆ ಇಳಿದಾಗ ಕನಕರಾಜು ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಪವಾಡಪುರುಷನಂತೆ ನಿಂತಿದ್ದ. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ಕೈ ಮುಗಿದೇ ಹೋದಳು.

ಅಂಗಡಿಗೆ ತಂದು ಜೋಡಿಸಿ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಮೊದಲು ಅದು ಹಿಟ್ಟಿನ ಗಿರಣಿಯಂತೆ ಗುರುಗುಡುತ್ತಿತ್ತು. ಅಶ್ವಿನಿ ಎದೆಯ ಮೇಲೆ ಕೈಯಿಟ್ಟು, "ಹೋಯ್ತಾ?" ಎಂದಳು. "ಹೋಗಿಲ್ಲಮ್ಮ, ಈಗ ಉಸಿರಾಡ್ತಿದೆ" ಎಂದೆ, ನನಗೇ ನಂಬಿಕೆಯಿಲ್ಲದೆ. ಬಳೆ ಸುತ್ತಿತು, ಪರದೆ ಬಂತು. ಮೊದಲಿಗಿಂತ ಚುರುಕು, ಆದರೆ ಗಂಗಾಧರಯ್ಯನವರನ್ನು ಒಪ್ಪಿಸುವಷ್ಟಲ್ಲ.

ಎರಡನೆಯ ರೋಗ ಬೇರೆ ಇತ್ತು. ಗುಂಡಿ ಒತ್ತಿದ ತಕ್ಷಣ ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳದೇ ಒಂದು ಹಿಂಡು. ಒಂದೇ ಬಚ್ಚಲಿರುವ ಮದುವೆ ಮನೆಯ ಬೆಳಗಿನ ಹಾಗೆ. ಪಂಚಾಂಗ, ಜಾತಕ ಹೊಂದಿಸುವುದು, ರಾಹುಕಾಲದ ಗಂಟೆ, ಅಡಿಕೆ ಧಾರಣೆ, ಎಂದೋ ಕಲಿತು ಮುಗಿಸಿದ ಟೈಪಿಂಗ್ ಪಾಠ, ವಚನ ಗಾಯನ. ಇವುಗಳ ನಡುವೆ, ಕೆಟ್ಟು ಗುಜರಿ ಸೇರಿದ್ದ ಹಳೇ ಪ್ರಿಂಟರಿನ ಪ್ರೋಗ್ರಾಮು ಬೇರೆ ದಿನಾ ಬೆಳಿಗ್ಗೆ ಎದ್ದು ತನ್ನ ಯಜಮಾನನನ್ನು ಮೂಲೆಮೂಲೆ ಹುಡುಕಿ, ಸಿಗದೆ, ಮತ್ತೆ ಮೊದಲಿಂದ ಹುಡುಕುತ್ತಿತ್ತು. ಒಂದೊಂದನ್ನೂ ಮಲಗಿಸುತ್ತ ಬಂದೆ. ಸಿದ್ದಲಿಂಗೇಶ ಎಲ್ಲದಕ್ಕೂ ಹೂಂಗುಟ್ಟಿದ. ವಚನದ ಹತ್ತಿರ ಮಾತ್ರ ನನ್ನ ಕೈ ಹಿಡಿದ.

"ಅದೊಂದು ಇರ್ಲಿ ಡಾಕ್ಟ್ರೇ. ನಾನೂ ಎದ್ದ ಕೂಡ್ಲೇ ಅದನ್ನೇ ಹೇಳ್ಕೊಳೋದು. ನಾವೇನು ನಿಧಾನ ಆಗಿದೀವಾ?"

ಅಶ್ವಿನಿ ಕೆಮ್ಮಿದಳು. ವಚನ ಉಳಿಯಿತು.

ಮೂರನೆಯದೇ ದೊಡ್ಡ ಕಾಯಿಲೆ. ಒಳಗೆ ಜಾಗವೇ ಇಲ್ಲ. ಡಿಸ್ಕ್ ತುಂಬಿ, ಅಳತೆಯ ಪಟ್ಟಿ ಕೆಂಪಾಗಿ ಉರಿಯುತ್ತಿತ್ತು. ಏನು ತುಂಬಿದೆ ಎಂದು ನೋಡಿದರೆ ದೇವರುಗಳು! ಪ್ರತಿ ಲಗ್ನಪತ್ರಿಕೆಗೂ ಆ ಮನೆದೇವರ ಚಿತ್ರ ಬೇಕಲ್ಲ. ವೀರಭದ್ರಸ್ವಾಮಿ ಒಬ್ಬನೇ ಕುಂತ, ನಿಂತ, ಬೆಳ್ಳಿ ಕವಚದ, ಹೂವಿನ ಅಲಂಕಾರದ ಭಂಗಿಗಳಲ್ಲಿ ನೂರಾರು ಕಡೆ ಇದ್ದ. ಒಂದೇ ಚಿತ್ರ ಕಾರ್ಡಿಗೊಂದರಂತೆ ನಕಲಾಗಿ ಕೂತಿತ್ತು.

"ಇವನ್ನೆಲ್ಲ ತೆಗೆದುಬಿಡಿ" ಎಂದೆ.

"ತೆಗೆದು ಎಲ್ಲಿಗೆ ಹಾಕೋದು?"

"ಅದೇ, ರೀಸೈಕಲ್ ಬಿನ್ನಿಗೆ."

ಸಿದ್ದಲಿಂಗೇಶ ಪರದೆ ನೋಡಿದ, ನನ್ನನ್ನು ನೋಡಿದ. "ಡಾಕ್ಟ್ರೇ, ಅದು ಕಸದ ಬುಟ್ಟಿ."

"ಹೆಸರಿಗೆ ಮಾತ್ರ ಅದು..."

"ಚಿತ್ರಾನೂ ಕಸದ ಬುಟ್ಟೀದೇ ಇದೆಯಲ್ರೀ! ಸ್ವಾಮೀನ ಕಸದ ಬುಟ್ಟಿಗೆ ಹಾಕಿ ನಾಳೆ ನಾನು ಈ ಊರಲ್ಲಿ ಅಂಗಡಿ ಬಾಗ್ಲು ತೆಗೀಲಾ? ನಿಮ್ಮನೇಲಿ ದೇವ್ರ ಫೋಟೋ ಗಾಜು ಒಡೆದ್ರೆ ಏನ್ಮಾಡ್ತೀರಿ?"

ಹೋದ ವಾರವಷ್ಟೇ, ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ಬಿಸಾಡಲು ಧೈರ್ಯವಾಗದೆ, ಯಾರೂ ನೋಡದ ಹೊತ್ತಿನಲ್ಲಿ ಅಶ್ವತ್ಥಕಟ್ಟೆಯ ಮೇಲೆ ಒರಗಿಸಿ ಓಡಿಬಂದಿದ್ದೆ. ಅಲ್ಲಿ ನನಗಿಂತ ಮೊದಲು ಬಂದ ಲಕ್ಷ್ಮಿಯರು ಸಾಲಾಗಿ ನಿಂತಿದ್ದರು. ನಮ್ಮ ಕಡೆ ದೇವರು ಹಳಬನಾದರೆ ಹೋಗಲು ಎರಡೇ ಜಾಗ. ಒಂದು ಅರಳಿಮರ, ಇನ್ನೊಂದು ಕೆರೆ.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಜೀವಮಾನದಲ್ಲಿ ಉಪಾಯಗಳು ಹೊಳೆದದ್ದು ಕಡಿಮೆ, ಹೊಳೆದಾಗಲೆಲ್ಲ ಯಾರಿಗಾದರೂ ತೊಂದರೆಯಾಗಿದೆ. ಆ ಬುಟ್ಟಿಗೆ ಬೇರೆ ಹೆಸರಿಡಬಹುದು, ಚಿತ್ರವನ್ನೂ ಬದಲಿಸಬಹುದು ಎಂಬುದು ನನಗೆ ಗೊತ್ತಿತ್ತು. ಯಾರದೋ ಚುನಾವಣೆಯ ಫ್ಲೆಕ್ಸಿಗೆಂದು ಸಿದ್ದಲಿಂಗೇಶನೇ ತೆಗೆದಿದ್ದ ಬುಕ್ಕಾಂಬುಧಿ ಕೆರೆಯ ಫೋಟೋ ಸಿಕ್ಕಿತು. ಅದನ್ನು ಕತ್ತರಿಸಿ ಚಿಕ್ಕದು ಮಾಡಿ ಬುಟ್ಟಿಯ ಜಾಗದಲ್ಲಿ ಕೂರಿಸಿದೆ. ಕೆಳಗೆ ಹೆಸರು ಬರೆದೆ: 'ಬುಕ್ಕಾಂಬುಧಿ ಕೆರೆ'.

ಸಿದ್ದಲಿಂಗೇಶ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ. ಮುಖ ಅರಳಿತು. ಹೋಗಿ ಕೈಕಾಲು ತೊಳೆದು ಬಂದ. ಊದುಬತ್ತಿ ಹಚ್ಚಿದ. ವೈದ್ಯರ ಅಪ್ಪಣೆಯಂತೆ ಅದನ್ನು ಬಾಗಿಲಾಚೆ ಸಿಕ್ಕಿಸಲಾಯಿತು. ಮೊದಲ ವೀರಭದ್ರಸ್ವಾಮಿಯನ್ನು ಮೌಸಿನಲ್ಲಿ ಹಿಡಿದು, ಹೂವನ್ನು ನೀರಿಗೆ ಬಿಡುವಷ್ಟು ಮೆಲ್ಲಗೆ ಕೆರೆಗೆ ಬಿಟ್ಟ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲದಾಯಿತು. ಒಬ್ಬೊಬ್ಬರನ್ನೇ ಬಿಡುತ್ತಿದ್ದವನು ಹಿಂಡುಹಿಂಡಾಗಿ ಬಿಡತೊಡಗಿದ. ದೇವರುಗಳಾದ ಮೇಲೆ ಹುಟ್ಟುಹಬ್ಬದ ಶುಭಾಶಯ ಕೋರಿಸಿಕೊಂಡ ರಾಜಕಾರಣಿಗಳು ಹೋದರು. ಅವರಿಗೆ ಕೈ ಮುಗಿಯಲಿಲ್ಲ. ಮುನಿಸಿಕೊಂಡ ಸೋದರಮಾವನೂ ಹೋದ. ಅಶ್ವಿನಿ ಪಕ್ಕದಲ್ಲಿ ನಿಂತು, "ಆ ಗಣೇಶೋತ್ಸವದೋರ್ದು ಹಾಕಿ, ಅವ್ರು ಇನ್ನೂ ಚಾರ್ಜು ಕೊಟ್ಟಿಲ್ಲ. ಸ್ವಲ್ಪ ದೂರ ಎಸೀರಿ" ಎನ್ನುತ್ತಿದ್ದಳು.

ಎಲ್ಲ ಮುಗಿದು ನೋಡಿದರೆ ಪಟ್ಟಿ ಮೊದಲಿನಷ್ಟೇ ಕೆಂಪಗಿತ್ತು. ಬುಟ್ಟಿಗೆ ಹಾಕಿದ ಮಾತ್ರಕ್ಕೆ ಜಾಗ ಬಿಡುಗಡೆಯಾಗುವುದಿಲ್ಲ, ಬುಟ್ಟಿಯನ್ನೂ ಸುರಿಯಬೇಕು. ಅದನ್ನು ಹೇಳಹೊರಟ ನನ್ನ ಬಾಯಿಂದ ಬಂದ ಮಾತು ಇದು: "ಇನ್ನೇನಿಲ್ಲ, ಈಗ ಬುಕ್ಕಾಂಬುಧಿ ಕೆರೆ ಖಾಲಿ ಮಾಡ್ಬಿಡಿ."

"ಯಾವನೋ ಅವ್ನು, ನಮ್ಮೂರ ಕೆರೆ ಖಾಲಿ ಮಾಡೋನು?"

ಬಾಗಿಲಲ್ಲಿ ದುರ್ಗಮ್ಮ ನಿಂತಿದ್ದಳು. ಬುಕ್ಕಾಂಬುಧಿಯವಳು. ಅವಳ ಗಂಡ ಚೌಡಪ್ಪ ಆ ಕೆರೆಗೆ ನೀರಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ತೂಬು ಕಾಯುತ್ತಿದ್ದವನು. ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನ ತಿಥಿಗೆ ಫೋಟೋ ಹಾಕಿಸಲು ಅವಳು ವರ್ಷಾ ವರ್ಷ ಬರುತ್ತಾಳೆ.

"ಡಾಕ್ಟ್ರಾ? ದನದ ಡಾಕ್ಟ್ರಿಗೆ ಯಾಕಪ್ಪಾ ಕೆರೆ ಉಸಾಬರಿ? ಖಾಲಿಯಾದ್ರೆ ನಿನ್ ದನ ನೀರಿಗೆ ಎಲ್ಲಿಗೋಯ್ತವೆ?"

ನಾನು ವಿವರಿಸಿದೆ. ವಿವರಿಸಿದಷ್ಟೂ ಕೆಟ್ಟಿತು. ಇದು ನಿಜವಾದ ಕೆರೆಯಲ್ಲ, ಕಂಪ್ಯೂಟರಿನೊಳಗಿನದು ಎಂದೆ. "ಒಳಗಿಂದಾದ್ರೂ ಹೆಸ್ರು ನಮ್ ಕೆರೇದೇ ತಾನೇ?" ಎಂದಳು. ಸಿದ್ದಲಿಂಗೇಶನ ಮುಖವೂ ಬದಲಾಗಿತ್ತು. ಅವನು ಮೌಸಿನಿಂದ ಕೈ ತೆಗೆದ.

"ಅವ್ವ ಹೇಳೋದು ಸರಿ ಡಾಕ್ಟ್ರೇ. ಕೆರೆ ತುಂಬ್ಲಿ ಅಂತ ಹರಕೆ ಹೊರೋ ಜನ ನಾವು. ದೇವ್ರನ್ನೆಲ್ಲ ಬಿಟ್ಟು ಇನ್ನೂ ಒದ್ದೆ ಆರಿಲ್ಲ, ಖಾಲಿ ಮಾಡು ಅಂತೀರಲ್ಲ. ಬಾಯಲ್ಲಿ ಬರೋ ಮಾತಾ ಅದು?"

"ಅದಿರ್ಲಿ, ಮೊದ್ಲು ನಮ್ಮನೆಯೋನ್ ಫೋಟೋ ತೆಗಿಯಪ್ಪ" ಎಂದು ದುರ್ಗಮ್ಮ ಕೂತಳು.

ಸಿದ್ದಲಿಂಗೇಶ ಹುಡುಕಿದ. ಇನ್ನೊಮ್ಮೆ ಹುಡುಕಿದ. 'ಸ್ವರ್ಗಸ್ಥರು' ಎಂಬ ಕಡತದಲ್ಲಿ ಊರಿನ ಸತ್ತವರನ್ನೆಲ್ಲ ಇಟ್ಟಿದ್ದ. ಕಡತವೇ ಇರಲಿಲ್ಲ. ಅದು ದೇವರುಗಳ ಪಕ್ಕದಲ್ಲೇ ಇದ್ದದ್ದರಿಂದ, ಹಿಂಡುಹಿಂಡಾಗಿ ಬಿಡುವ ಭರದಲ್ಲಿ ಸ್ವರ್ಗಸ್ಥರೆಲ್ಲ ದೇವರ ಜೊತೆಗೇ ಹೊರಟುಹೋಗಿದ್ದರು. ಅವನ ಹಣೆಯಲ್ಲಿ ಬೆವರು ಮೂಡಿತು.

"ಅವ್ವ... ಚೌಡಪ್ಪಣ್ಣ ಕೆರೇಲಿದಾನೆ."

ದುರ್ಗಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಕ್ಕಳು. "ಬದುಕಿದ್ದಾಗ ಏರಿ ಮ್ಯಾಲೆ ಕುಡ್ದು ನಡೆದ್ರೂ ಒಂದಿನ ಕಾಲು ಜಾರ್ಲಿಲ್ಲ ಕಣಪ್ಪ ಆವಯ್ಯ! ಸತ್ ಮ್ಯಾಲೆ ನೀನು ನೂಕಿದ್ಯಾ? ತೆಗಿ, ತೆಗಿ ಮೇಲಕ್ಕೆ."

ಕೆರೆ ತೆರೆದು, ದೇವರುಗಳ ನಡುವೆ ಚೌಡಪ್ಪನನ್ನು ಹುಡುಕಿ, ವಾಪಸು ಕಳಿಸುವ ಗುಂಡಿ ಒತ್ತಿದೆವು. ಹೆಗಲ ಮೇಲೆ ಟವೆಲು ಹಾಕಿದ ಚೌಡಪ್ಪ ಒಂದು ಹನಿ ನೀರೂ ಸೋಕದೆ ಪರದೆಯ ಮೇಲೆ ಬಂದು ನಿಂತ. ನಾನು ಹೇಳಿದಂತೆ ಖಾಲಿ ಮಾಡಿದ್ದರೆ ಊರಿನ ಹಿರೀಕರೆಲ್ಲ ಎರಡನೇ ಸಲ ತೀರಿಕೊಳ್ಳುತ್ತಿದ್ದರು, ಅದೂ ನನ್ನ ಚಿಕಿತ್ಸೆಯಿಂದ.

ಸಿದ್ದಲಿಂಗೇಶ ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದ. "ದೇವ್ರು ಬೇಕಾದಷ್ಟು ಕಡೆ ಸಿಗ್ತಾನೆ ಡಾಕ್ಟ್ರೇ. ಚೌಡಪ್ಪಣ್ಣ ಇಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

ಹಾಗಾಗಿ ಸತ್ತವರನ್ನೂ, ಮದುವೆಯಾದವರನ್ನೂ ಮೊದಲು ಸುರಕ್ಷಿತ ಜಾಗಕ್ಕೆ ಸಾಗಿಸಬೇಕಾಯಿತು. ನನ್ನ ಮನೆಯಲ್ಲಿ ಹೊರಗಿನಿಂದ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕ್ ಇತ್ತು. ತಂದು, ಅದರಲ್ಲಿದ್ದದ್ದನ್ನು ಅಳಿಸತೊಡಗಿದೆ.

"ಏನಿತ್ತು ಅದ್ರಲ್ಲಿ?" ಎಂದಳು ಅಶ್ವಿನಿ.

"ನನ್ನ ನಗೆಬರಹಗಳು. ಪ್ರಕಟ ಆಗದೇ ಇದ್ದವು."

"ಓ, ಹಂಗಾದ್ರೆ ಖಾಲೀನೇ ಇತ್ತು ಅನ್ನಿ."

ಒಂದೊಂದೇ ಮನೆಯವರು ಹೊರಗಿನ ಡಿಸ್ಕಿಗೆ ದಾಟುವುದನ್ನು ದುರ್ಗಮ್ಮ ಎಲ್ಲರನ್ನೂ ಗುರುತಿಸುತ್ತ ನೋಡುತ್ತ ಕೂತಳು. "ಇವ್ನು ನೀರು ಕದೀತಿದ್ದ", "ಇವ್ಳು ಒಳ್ಳೇಳು ಪಾಪ" ಎಂದು ಒಬ್ಬೊಬ್ಬರಿಗೂ ತೀರ್ಪು ಕೊಟ್ಟಳು. ಆದರೆ ಕೆರೆ ಹಾಗೇ ಉಳಿದಿತ್ತು. ಸೋಮವಾರ ಹತ್ತಿರ ಬಂದಿತ್ತು, ಪಟ್ಟಿ ಕೆಂಪಗಿತ್ತು. ಸಿದ್ದಲಿಂಗೇಶ ಖಾಲಿ ಮಾಡಲು ಸುತರಾಂ ಒಪ್ಪ.

"ಇದರ ಹೆಸರು ವಾಪಸು ಕಸದ ಬುಟ್ಟಿ ಅಂತ ಮಾಡಿಬಿಡ್ಲಾ?" ಎಂದು ಸೋತ ದನಿಯಲ್ಲಿ ಕೇಳಿದೆ.

"ಒಳಗೆ ಸ್ವಾಮಿ ಇದಾನೆ!" ಎಂದು ಗಂಡ ಹೆಂಡತಿ ಒಟ್ಟಿಗೆ ಕೂಗಿದರು.

ದುರ್ಗಮ್ಮ ಸೆರಗಿನ ಗಂಟು ಬಿಚ್ಚಿ ಫೋಟೋ ಪ್ರಿಂಟಿನ ದುಡ್ಡು ಕೊಟ್ಟು ಏಳುತ್ತ ನನ್ನನ್ನು ಕೊನೆಯ ಸಲ ಬೈದಳು. "ತುಂಬಿದ್ರೆ ತಾನೇ ಕೋಡಿ ಬೀಳ್ತದೆ, ಹೆಚ್ಚಾಗಿದ್ದು ಹರ್ಕೊಂಡು ಹೋಯ್ತದೆ. ಖಾಲಿ ಮಾಡೋಕೆ ನೀನ್ಯಾರಯ್ಯ?"

ಬೈಗುಳವನ್ನು ನುಂಗಿಕೊಂಡು ಕೂತವನಿಗೆ ಅದು ನಿಧಾನಕ್ಕೆ ಒಳಗಿಳಿಯಿತು. ಬುಟ್ಟಿಗೂ ಒಂದು ಅಳತೆ ಇರುತ್ತದೆ. ಆ ಅಳತೆಯನ್ನು ಕಡಿಮೆ ಮಾಡಿ ಮೇಲೆ ಇನ್ನೊಂದು ಕಡತ ಹಾಕಿದರೆ, ಹಳೆಯವು ತಾವಾಗಿಯೇ ಹೊರಟುಹೋಗುತ್ತವೆ. ಖಾಲಿ ಮಾಡುವ ಪಾಪ ಯಾರಿಗೂ ಇಲ್ಲ. ನಾನು ಕೆರೆಯ ಅಳತೆಯನ್ನು ಹೊಂಡದಷ್ಟಕ್ಕೆ ಇಳಿಸಿದೆ. ಸಿದ್ದಲಿಂಗೇಶನಿಗೆ, "ಈಗ ಇನ್ನೊಂದು ಬಿಡಿ. ಕೋಡಿ ಬೀಳ್ತದೆ" ಎಂದೆ. ಅವನು ಉಳಿದಿದ್ದ ಒಬ್ಬ ರಾಜಕಾರಣಿಯನ್ನು ಬಿಟ್ಟ.

ಪಟ್ಟಿ ಕೆಂಪಿನಿಂದ ಸರ್ರನೆ ಹಿಂದೆ ಸರಿದು ನೀಲಿಯಾಯಿತು.

"ಬಿತ್ತು! ಕೋಡಿ ಬಿತ್ತು ಕಣೇ!" ಎಂದು ಸಿದ್ದಲಿಂಗೇಶ ಎದ್ದೇ ನಿಂತ. ಎದುರಿನ ಹೋಟೆಲಿನವರು, ಎಲ್ಲಿ ಕೋಡಿ ಬಿದ್ದಿದ್ದು, ಈ ಚಳಿಗಾಲದಲ್ಲಿ ಮಳೆ ಎಲ್ಲಾಯಿತು ಎಂದು ಹೊರಗೆ ಬಂದರು. ಅಶ್ವಿನಿ ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದಳು. ಕೋಡಿ ಬಿದ್ದ ಕೆರೆಗೆ ಬಾಗಿನ ಕೊಡಬೇಡವೇ? ನಾನು ಪೆಟ್ಟಿಗೆಗೆ ಅಡ್ಡ ನಿಂತು ಕೈ ಮುಗಿದ ಮೇಲೆ, ಬಾಗಿನ ಮೇಜಿನ ಕಾಲಿಗೆ ಸಂದಿತು.

ಮರುದಿನ ಬೆಳಿಗ್ಗೆ ಸಿದ್ದಲಿಂಗೇಶ ವಾಡಿಕೆಯಂತೆ ಗುಂಡಿ ಒತ್ತಿ ಇಡ್ಲಿಗೆ ಹೋದ. ಚಟ್ನಿ ಬರುವುದರೊಳಗೆ ಅಂಗಡಿಯಿಂದ ವಚನ ಕೇಳಿಸಿತು. ತಟ್ಟೆ ಬಿಟ್ಟು ಓಡಿಬಂದ.

ಸೋಮವಾರ ಗಂಗಾಧರಯ್ಯನವರು ಬಂದರು. ಅವರು ಪೆನ್‌ಡ್ರೈವ್ ಕೊಟ್ಟು, ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಸರಿಯಾಗಿ ಕೂರುವುದರೊಳಗೆ ಫೋಟೋಗಳೆಲ್ಲ ಪರದೆಯ ಮೇಲಿದ್ದವು. ಮಧ್ಯಾಹ್ನದ ಹೊತ್ತಿಗೆ ಪ್ರತಿ ವಧುವಿನ ಪಕ್ಕ ಅವಳವಳ ವರ. ಕೆಲಸ ಸಿದ್ದಲಿಂಗೇಶನದೇ ಎಂದು ಅವರ ಮುಖವೇ ಹೇಳುತ್ತಿತ್ತು. ನಾನು ಮೀಸೆ ತಿರುವಿಕೊಂಡೆ.

"ಪರವಾಗಿಲ್ಲಪ್ಪ! ಇಷ್ಟು ಬೇಗ ಆಗ್ತದೆ ಅಂದ್ರೆ..." ಎಂದರು ಅವರು. "ಹಿನ್ನೆಲೆಗೆ ಸೇವಂತಿಗೆ ಬದ್ಲು ತಾವರೆ ಹಾಕಿ ನೋಡೋಣ."

ಹಾಕಿದ.

"ಸೇವಂತಿಗೇನೇ ಚೆನ್ನಾಗಿತ್ತು. ಹಾಂ, ಈ ಹುಡುಗನ ಅಪ್ಪ ಊಟದ ಖರ್ಚು ನೋಡ್ಕೊಳ್ತಿದಾರೆ. ಇವನ ಜೋಡೀನ ಮೇಲಕ್ಕೆ ತಗೊ. ಅಯ್ಯೋ, ಆಗ ಈ ಸಖರಾಯಪಟ್ಟಣದೋರು ಕೆಳಗೆ ಹೋದ್ರಲ್ಲ, ಅವ್ರು ಸುಮ್ನಿರಲ್ಲ. ಅವ್ರನ್ನ ಬಲಕ್ಕೆ ತಗೊ. ಬಲಗಡೆ ಇರೋರನ್ನ ಎಡಕ್ಕೆ..."

ಮೊದಲಾದರೆ ಒಂದು ಬದಲಾವಣೆಗೆ ಅರ್ಧ ದಿನ ಕಾಯಬೇಕಿತ್ತು. ಗಿರಾಕಿಗಳು ತಾವೇ ಬೇಸತ್ತು "ಇರೋದೇ ಇರ್ಲಿ" ಎಂದು ಹೋಗುತ್ತಿದ್ದರು. ಈಗ ಬಾಯಿಂದ ಬಂದದ್ದು ಕಣ್ಣೆದುರು ಆಗುತ್ತಿತ್ತು. ಗಂಗಾಧರಯ್ಯನವರಿಗೆ ಅದು ಚೌಕಾಬಾರದ ಹಾಗೆ ರುಚಿಸಿತು. ಜೋಡಿಗಳು ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ. ಸಂಜೆಯಾಗುತ್ತ ಬಂತು. ಸಿದ್ದಲಿಂಗೇಶನ ಕಣ್ಣು ಒಮ್ಮೆಲೆ ಒಂದು ಕಡೆ ನಿಂತಿತು. ನಾನೂ ನೋಡಿದೆ. ಎರಡನೇ ಸಾಲಿನಲ್ಲಿ, ಓಡಾಟದ ಗಡಿಬಿಡಿಯಲ್ಲಿ, ಒಬ್ಬ ವರ ಪಕ್ಕದವನ ವಧುವಿನ ಜೊತೆ ಹಲ್ಲು ಬಿಟ್ಟು ನಿಂತಿದ್ದ. ಹೋದ ವರ್ಷದ ಕತೆ ಮತ್ತೆ ಹೊರಟಿತ್ತು, ಈ ಸಲ ಓಡುತ್ತ.

ಸಿದ್ದಲಿಂಗೇಶ ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. ಗೋಡೆಯಲ್ಲಿದ್ದ ಬುದ್ಧಿಯವರ ಫೋಟೋ ಕಡೆ ಒಮ್ಮೆ ನೋಡಿ, ಕೆಳಗೆ ನೋಡಿದ.

"ಗಂಗಾಧರಯ್ಯನೋರೇ... ಹ್ಯಾಂಗ್ ಆಯ್ತು."

ಅವರು ಸ್ಟೂಲಿನಿಂದ ನೆಗೆದರು. "ಅಯ್ಯಯ್ಯೋ! ಮುಟ್ಟಬ್ಯಾಡ! ಹೋದ್ಸಲ ಹಿಂಗೇ ಅಲ್ವಾ ನೀನು ಎರಡು ಸಲ ಒತ್ತಿದ್ದು? ಕೈ ತೆಗಿ, ಕೈ ತೆಗಿ!"

"ತೆಗ್ದಿದೀನಿ."

"ನನ್ನದೇ ತಪ್ಪು. ಪಾಪ, ಬೆಳಗ್ಗಿಂದ ದುಡಿಸ್ತಿದೀನಿ ಅದನ್ನ. ಊಟದ ಖರ್ಚಿನೋರು, ಸಖರಾಯಪಟ್ಟಣದೋರು ಯಾರೂ ಬ್ಯಾಡ. ಬೆಳಿಗ್ಗೆ ಮೊದ್ಲು ಮಾಡಿದ್ಯಲ್ಲ, ಅದೇ ಇರ್ಲಿ. ಎಚ್ಚರ ಆದ ತಕ್ಷಣ ಕಡೂರಿಗೆ ಕಳ್ಸು. ನಾನಿಲ್ಲಿದ್ರೆ ಇನ್ನೇನಾದ್ರೂ ಹೇಳ್ತೀನಿ, ಹೊರಡ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಸ್ವಲ್ಪವೂ ಅಲುಗದೆ ಹೊಳೆಯುತ್ತಿದ್ದ ಪರದೆಯ ಮುಂದೆ ಸಿದ್ದಲಿಂಗೇಶ ಬೆಳಗಿನ ಪ್ರತಿ ತೆರೆದು, ಬೆರಳಿಟ್ಟು ಜೋಡಿ ಜೋಡಿ ನೋಡಿ, ಕಳಿಸುವ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದ.

"ಮದುವೆಯಾಗಿ ಇಷ್ಟು ವರ್ಷಕ್ಕೆ ಇವ್ರು ಸುಳ್ಳು ಹೇಳಿದ್ದನ್ನ ಇವತ್ತೇ ನೋಡಿದ್ದು" ಎಂದಳು ಅಶ್ವಿನಿ ನನ್ನ ಕಡೆ ತಿರುಗಿ. "ನಿಮ್ಮ ಸಹವಾಸ ಡಾಕ್ಟ್ರೇ."

ಮದುವೆಯ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸು ನಿಂತಿತ್ತು. ಮಠಕ್ಕೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ ಅದರ ಕೆಳಗೆ ಸಿಕ್ಕಿದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕತ್ತೆತ್ತಿ, ಬೆರಳು ಮೇಲೆ ಮಾಡಿ ತುಟಿ ಅಲುಗಿಸುತ್ತಿದ್ದ. ಸುತ್ತ ನಿಂತ ಯಾರೂ ಕೂಗಾಡುತ್ತಿರಲಿಲ್ಲ. ಒಬ್ಬ ಅಜ್ಜಿ ಮೊಮ್ಮಗಳ ಫೋಟೋ ತೋರಿಸಿ ಪಕ್ಕದವಳಿಗೆ, "ಅಳಿಯ ಸ್ವಲ್ಪ ಕಪ್ಪು, ಆದ್ರೆ ನಮ್ಮೋನೇ" ಎನ್ನುತ್ತಿದ್ದಳು.

"ನಡೀರೀ, ಊಟದ ಪಂಕ್ತಿ ತುಂಬಿಹೋಗ್ತದೆ" ಎಂದು ಅಶ್ವಿನಿ ಅವನ ತೋಳು ಎಳೆದಳು.

"ತಡಿಯೇ. ಇನ್ನೊಂದು ಸಾಲಿದೆ."